ಬೆನ್ನು ಮುಟ್ಟಿ ಖೋ

ಸೋಮವಾರ, ಜುಲೈ ೧೪, ೧೯೭೫. ಬೆಳಿಗ್ಗೆ ಏಳೂವರೆ

ಇವತ್ತೂ ಬೈಸಿಕೊಂಡೆ. ಅಜ್ಜಿ ಮಡಿಯಲ್ಲಿದ್ದರು, ಲೋಟ ತೆಗೆಯಲು ಹೋಗಿ ಅವರ ಸೆರಗಿಗೆ ತಾಗಿದೆ. ಮತ್ತೆ ಬಾವಿಕಟ್ಟೆ, ಮತ್ತೆ ತಣ್ಣೀರು, ಮತ್ತೆ ಗೊಣಗಾಟ. ಮೂರು ವಾರದಲ್ಲಿ ಇದು ಐದನೇ ಸಲ. ದತ್ತಾತ್ರಿ ಮಾವ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಆಮೇಲೆ ಉಪಾಯ ಹೇಳಿಕೊಟ್ಟರು — ಬೆಳಿಗ್ಗೆ ಒದ್ದೆ ತಲೆ, ಹಣೆಯಲ್ಲಿ ಪೂಜೆಯ ಗುರುತು ಕಂಡರೆ ದೂರ ಸರಿ, ಅಷ್ಟೇ. ಸುಲಭವಾಗಿದೆ. ನೆನಪಿಟ್ಟುಕೊಂಡಿದ್ದೇನೆ.

ಅಡಿಸ್ ಅಬಾಬಾದಲ್ಲಿ ಇದೆಲ್ಲ ಇರಲಿಲ್ಲ. ಅಪ್ಪ ಅಲ್ಲಿ ಲೆಕ್ಕದ ಮೇಷ್ಟ್ರು. ಮೂರು ವರ್ಷದವಳಿದ್ದಾಗ ಹೋದೆವು. ಈಗ ಅಲ್ಲಿ ಗಲಾಟೆ, ಓದು ನಿಂತಿದೆ. ಅದಕ್ಕೇ ಪಿಯುಸಿ ಓದಲು ನನ್ನೊಬ್ಬಳನ್ನೇ ಕಡೂರಿಗೆ ಕಳಿಸಿದ್ದು. ಇದು ಅಮ್ಮನ ತವರು. ಅಮ್ಮನಿಗೆ ಊರು, ನನಗೆ ಪರದೇಶ.

ಕಾಲೇಜಿನಲ್ಲಿ ಬಾಯಿ ತೆಗೆದರೆ ನಗುತ್ತಾರೆ. ನನ್ನ ಕನ್ನಡ ಪಾಠ ಒಪ್ಪಿಸಿದ ಹಾಗಿದೆಯಂತೆ. ಅಮ್ಮ ಪುಸ್ತಕದಿಂದಲೇ ಕಲಿಸಿದ್ದು, ಇನ್ನು ಹೇಗಿರುತ್ತದೆ? ಹದಿನಾರು ವರ್ಷ ಶಾರದಾಂಬಾ ಆಗಿದ್ದವಳು ಈಗ 'ಆಫ್ರಿಕಾ'. ಊಟದ ಡಬ್ಬಿ ಒಬ್ಬಳೇ ಬಿಚ್ಚುತ್ತೇನೆ.

ಅಪ್ಪನಿಗೆ ವಿಮಾನದಂಚೆಯ ಏರೋಗ್ರಾಮ್ ಬರೆದಿಟ್ಟಿದ್ದೇನೆ. ವಾಪಸ್ ಕರೆಸಿಕೊಳ್ಳಿ ಅಂತ. ಇನ್ನೂ ಅಂಟಿಸಿಲ್ಲ, ಈ ಡೈರಿಯೊಳಗೇ ಇದೆ. ಆಗಸ್ಟ್ ಮುಗಿಯುವುದರೊಳಗೆ ಒಬ್ಬಳಾದರೂ ಗೆಳತಿ ಸಿಗದಿದ್ದರೆ ಡಬ್ಬಕ್ಕೆ ಹಾಕಿಬಿಡುವುದು. ಇದು ನನಗೆ ನಾನೇ ಕೊಟ್ಟ ಮಾತು.

ಶುಕ್ರವಾರ, ಜುಲೈ ೧೮. ಸಂಜೆ

ಅಚ್ಚರಿ! ಪಿ.ಟಿ. ಮೇಷ್ಟ್ರು ದೇವೀರಪ್ಪನವರು ಹುಡುಗಿಯರನ್ನೆಲ್ಲ ಮೈದಾನದಲ್ಲಿ ಓಡಿಸಿದರು. ಮೂರು ಸುತ್ತಿಗೆ ಎಲ್ಲರೂ ಸೊಂಟ ಹಿಡಿದುಕೊಂಡು ನಿಂತರು. ನಾನು ಐದನೆಯದನ್ನೂ ಮುಗಿಸಿ ಇನ್ನೂ ಓಡಬೇಕಾ ಸಾರ್ ಅಂತ ಕೇಳಿದೆ. ಅಡಿಸ್‌ನ ಗುಡ್ಡ ಹತ್ತಿ ಇಳಿದು ಸ್ಕೂಲಿಗೆ ಹೋದವಳಿಗೆ ಕಡೂರಿನ ಬಯಲು ಒಂದು ಲೆಕ್ಕವೇ? ಖೋಖೋ ಟೀಮಿಗೆ ಸೇರಿಸಿಕೊಂಡರು. ಆಗಸ್ಟ್ ಮೂವತ್ತಕ್ಕೆ ತರೀಕೆರೆಯಲ್ಲಿ ಮ್ಯಾಚಂತೆ. ಕ್ಯಾಪ್ಟನ್ ಕಲ್ಲಮ್ಮ. ಸಿಂಗಟಗೆರೆಯವಳು, ದಿನಾ ಬಸ್ಸಿನಲ್ಲಿ ಬರುತ್ತಾಳೆ. ನನ್ನ ನೋಡಿ ನಕ್ಕಳು. ಒಳ್ಳೆಯ ನಗು.

ಆಟ ಹೀಗೆ — ಎಂಟು ಜನ ಸಾಲಾಗಿ ಕೂರಬೇಕು, ಒಬ್ಬರ ಮುಖ ಈ ಕಡೆ, ಪಕ್ಕದವರದು ಆ ಕಡೆ. ಒಬ್ಬಳು ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಸಾಕಾದರೆ ಕೂತವಳ ಬೆನ್ನು ಮುಟ್ಟಿ ಖೋ ಅನ್ನಬೇಕು. ಅವಳೆದ್ದು ಓಡುತ್ತಾಳೆ, ಇವಳು ಆ ಜಾಗದಲ್ಲಿ ಕೂರುತ್ತಾಳೆ. ಮುಟ್ಟದೆ ಖೋ ಅಂದರೆ ಫೌಲ್.

ಸೋಮವಾರ, ಜುಲೈ ೨೧. ರಾತ್ರಿ ಊಟವಾದ ಮೇಲೆ

ಎಲ್ಲ ಹಾಳಾಯಿತು.

ಇವತ್ತು ಬೆಳಿಗ್ಗೆ, ಕ್ಲಾಸಿಗೆ ಮುಂಚೆ ಪ್ರಾಕ್ಟೀಸ್ ಇತ್ತು. ಅಟ್ಟಿಸಿಕೊಂಡು ಬಂದೆ, ಎದುರಿಗೆ ಕಲ್ಲಮ್ಮನ ಬೆನ್ನು. ಸೋಮವಾರ — ತಲೆಗೆ ಸ್ನಾನ ಮಾಡಿ ಬಂದಿದ್ದಾಳೆ. ಜಡೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಕತ್ತಿನಲ್ಲಿ ಶಿವದಾರ. ಆಗಲೇ ನೋಡಿದ್ದೆ, ಹಣೆಯಲ್ಲಿ ವಿಭೂತಿ. ಮಾವ ಹೇಳಿದ್ದೆಲ್ಲ ಒಟ್ಟಿಗೇ ಎದುರಿಗಿದೆ! ಕೈ ಹಾಗೇ ನಿಂತಿತು. ಗೇಣು ದೂರದಿಂದಲೇ ಖೋ ಅಂದೆ. ಸೀಟಿ ಬಿತ್ತು. ಇನ್ನೊಂದು ಸಲವೂ ಹಾಗೇ. ಮೂರನೇ ಸಲವೂ.

ಕಲ್ಲಮ್ಮ ಎದ್ದು ನಿಂತಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ನನ್ನನ್ನು ಹೊರಗೆ ಕೂರಿಸಿದರು. ಬರೀ ಫೌಲಿಗೆ ಇಷ್ಟು ಕೋಪವೇ?

ಬುಧವಾರ, ಆಗಸ್ಟ್ ೬

ನನ್ನ ಕೆಲಸ — ಮೈದಾನದ ಗೆರೆಗೆ ಸುಣ್ಣ ಹಾಕುವುದು. ಯಾರೂ ಮಾತಾಡಿಸುವುದಿಲ್ಲ. 'ಆಫ್ರಿಕಾ' ಅಂತಲೂ ಕರೆಯುವುದಿಲ್ಲ. ಅದಕ್ಕೇ ಮನಸ್ಸು ತೀರ ಕೆಟ್ಟಿದೆ.

ಏರೋಗ್ರಾಮಿನ ಅಂಚಿಗೆ ಅಂಟು ಸವರಿದೆ. ಮಡಿಚಲಿಲ್ಲ. ಒಣಗಿಹೋಯಿತು.

ಬುಧವಾರ, ಆಗಸ್ಟ್ ೨೦. ಸಂಜೆ ಆರು

ಓಡಿ ಬಂದು ಬರೆಯುತ್ತಿದ್ದೇನೆ. ಖುಷಿಗೆ.

ಸುಣ್ಣ ಹಾಕುತ್ತಿದ್ದೆ. ಕಲ್ಲಮ್ಮ ಒಬ್ಬಳೇ ಬಂದು ಗೆರೆಯ ಮೇಲೆ ನಿಂತಳು.

"ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ನನ್ ಮುಟ್ಟಿದ್ರೆ ಮನೆಗೋಗಿ ಸ್ನಾನ ಮಾಡ್ಬೇಕೇನೇ ನೀನು? ನಾವು ಅಷ್ಟು ಕಡೆಯಾ?"

ತಲೆಬುಡ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಿಳಿದು ನಾಚಿಕೆಯಾಯಿತು, ಅಳು ಬಂತು. ನನ್ನ ಪುಸ್ತಕದ ಕನ್ನಡದಲ್ಲೇ ಹೇಳಿದೆ — "ಸ್ನಾನ ನೀನು ಮಾಡಬೇಕಾಗುತ್ತದೆ ಅಂದುಕೊಂಡಿದ್ದೆ. ನೀನು ಮಡಿಯಲ್ಲಿದ್ದೆಯಲ್ಲ?"

ಅಜ್ಜಿ, ಬಾವಿ, ಐದು ಸಲ ಬೈಸಿಕೊಂಡಿದ್ದು, ಮಾವನ ಉಪಾಯ, ಎಲ್ಲ ಹೇಳಿದೆ. ಕಲ್ಲಮ್ಮ ಹಸಿ ಸುಣ್ಣದ ಗೆರೆಯ ಮೇಲೇ ಕುಸಿದು ಕೂತು ನಗತೊಡಗಿದಳು. ಲಂಗದ ತುಂಬ ಸುಣ್ಣ. ಉಳಿದವರನ್ನು ಕರೆದು ಕತೆ ಒಪ್ಪಿಸಿದಳು, ಅವರೂ ನಕ್ಕರು. ಈ ಸಲ ನನಗೂ ನಗು ಬಂತು. ಒಂದು ತಿಂಗಳಿಂದ ನಾನು ಜಂಬದವಳು ಅಂತ ಇವರು, ಇವರು ಕೋಪಿಷ್ಠರು ಅಂತ ನಾನು!

ಎಂಟೂ ಜನ ಸಾಲಾಗಿ ಕೂತರು. ಎಲ್ಲರ ಬೆನ್ನಿಗೂ ಒಂದೊಂದು ಖೋ ಕೊಟ್ಟು ಬರಬೇಕು ಅಂತ ಕ್ಯಾಪ್ಟನ್ ಅಪ್ಪಣೆ. ಕೊಟ್ಟೆ. ಕಲ್ಲಮ್ಮನಿಗೆ ಎರಡು. ಎದೆಯ ಮೇಲಿದ್ದ ಕಲ್ಲು ಇಳಿಸಿದ ಹಾಗಾಗಿದೆ.

ಶನಿವಾರ, ಆಗಸ್ಟ್ ೩೦. ರಾತ್ರಿ

ತರೀಕೆರೆಯಿಂದ ಈಗ ಬಂದೆವು. ಸೋತೆವು, ಎರಡು ಪಾಯಿಂಟಿನಲ್ಲಿ. ಆದರೆ ನನ್ನದು ಒಂದೂ ಫೌಲ್ ಇಲ್ಲ. ಕೊನೆಯಲ್ಲಿ ಕಲ್ಲಮ್ಮನ ಬೆನ್ನಿಗೆ ಕೊಟ್ಟ ಖೋ ಅಮೃತಾಪುರದವರೆಗೂ ಕೇಳಿಸಿರಬೇಕು ಅಂದರು ಮೇಷ್ಟ್ರು. ಮೊಣಕಾಲು ತರಚಿದೆ. ಬಸ್ಸಿನಲ್ಲಿ ಯಾರ ತಲೆ ಯಾರ ಹೆಗಲ ಮೇಲೆ ಅಂತ ಲೆಕ್ಕವಿರಲಿಲ್ಲ.

ಸಿಂಗಟಗೆರೆಯ ಕೊನೇ ಬಸ್ಸು ಹೋಗಿಬಿಟ್ಟಿತ್ತು. ಕಲ್ಲಮ್ಮ, ತಡವಾದರೆ ಶಾರದಾಂಬಾ ಮನೆಯಲ್ಲೇ ಉಳೀತೀನಿ ಅಂತ ಅವರ ಮನೆಯಲ್ಲಿ ಹೇಳಿಯೇ ಬಂದಿದ್ದಳಂತೆ. ನನ್ನನ್ನು ಕೇಳಿಯೇ ಇಲ್ಲ! ಪಕ್ಕದ ಚಾಪೆಯಲ್ಲಿ ಮಲಗಿದ್ದಾಳೆ. ಅಜ್ಜಿ ಊಟಕ್ಕೆ ಬಡಿಸಿದರು, ಹೆಚ್ಚು ಮಾತಾಡಲಿಲ್ಲ. ನಾಳೆ ಬೆಳಿಗ್ಗೆ ಮಡಿಯ ಹೊತ್ತಿಗೆ ಏನಾಗುತ್ತದೋ... ಇವಳು ಅಡುಗೆಮನೆಗೇ ನುಗ್ಗಿದರೆ? ಅಜ್ಜಿ ಏನಾದರೂ ಅಂದುಬಿಟ್ಟರೆ? ಈಗ ತಾನೇ ಸಿಕ್ಕಿದವಳು. ಭಯ.

ಭಾನುವಾರ, ಆಗಸ್ಟ್ ೩೧. ಬೆಳಿಗ್ಗೆ ಎಂಟು, ಜಗಲಿ

ತಡವಾಗಿ ಎದ್ದೆ. ಪಕ್ಕದ ಚಾಪೆ ಖಾಲಿ. ಹುಡುಕಿಕೊಂಡು ಒಳಗೆ ಓಡಿದೆ.

ಕಲ್ಲಮ್ಮ ನಡುಮನೆಯಲ್ಲಿ ಕೂತಿದ್ದಳು. ಸ್ನಾನವಾಗಿದೆ, ತಲೆ ಒದ್ದೆ, ಹಣೆಗೆ ವಿಭೂತಿ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ಪೂಜೆ ಮಾಡುತ್ತಿದ್ದಾಳೆ. ಮುಂದೆ ಬಾಳೆ ಎಲೆಯ ಚೂರಿನಲ್ಲಿ ನಂದಿಬಟ್ಟಲು ಹೂವು, ದೇವರಿಗೆ ಮಾತ್ರ ಅಂತ ಅಜ್ಜಿ ನನಗೆ ಮುಟ್ಟಲೂ ಬಿಡದ ಗಿಡದ್ದು. ಯಾವಾಗ ಎದ್ದೆ ಅಂತ ಕೇಳಲು ನಾನು ಅವಳ ಹೆಗಲಿಗೆ ಕೈ ಚಾಚಿದ್ದೆ.

"ಲೇ ಶಾರಿ, ಮುಟ್ಟಬೇಡ್ವೇ," ಅಡುಗೆಮನೆಯಿಂದ ಅಜ್ಜಿ. "ಪೂಜೆಗೆ ಕೂತಿದಾಳೆ, ಕಾಣಲ್ವಾ? ನಿಂದಿನ್ನೂ ಸ್ನಾನಾನೂ ಆಗಿಲ್ಲ."

ಕಲ್ಲಮ್ಮನ ಕಣ್ಣು ಮುಚ್ಚಿಯೇ ಇತ್ತು. ತುಟಿ ಮಾತ್ರ ನಗು ತಡೆಯಲಾರದೆ ಅದುರುತ್ತಿತ್ತು.

ಜಗಲಿಗೆ ಬಂದು ಕೂತೆ. ಸುಮ್ಮನೆ ಅತ್ತೆ, ಹಗುರಾಯಿತು. ಇವತ್ತು ಆಗಸ್ಟಿನ ಕೊನೆಯ ದಿನ. ಏರೋಗ್ರಾಮ್ ತೆಗೆದು ಹರಿದೆ. ಅಪ್ಪನಿಗೆ ಹೊಸದು ಬರೆಯಬೇಕು. ಇಲ್ಲೇ ಓದು ಮುಗಿಸುತ್ತೇನೆ ಅಂತ. ಮೊದಲು ಕಲ್ಲಮ್ಮನ ವಿಷಯ, ಆಮೇಲೆ ಅಜ್ಜಿಯ ಹೂವಿನ —

ಬೆನ್ನಿಗೆ ಫಟ್ ಅಂತ ಬಿತ್ತು. ಅಕ್ಷರ ಸೊಟ್ಟಗಾಯಿತು. ಕಲ್ಲಮ್ಮ! ಖೋ ಕೊಟ್ಟು ನನ್ನ ಜಾಗದಲ್ಲಿ ಕೂರಲು ನಿಂತಿದ್ದಾಳೆ. ಎದ್ದೆ, ಇನ್ನು ಓಡಬೇಕು.