ತ್ರಿವಳಿ ಎಂಬ ಪದ

೬ ಫೆಬ್ರವರಿ ೧೯೬೧
ಸ್ಟಾಫ್ ರೂಮಿನಲ್ಲಿ ಕನ್ನಡ ಪೇಪರ್ ತಿದ್ದುತ್ತಿದ್ದೆ. ಆಸ್ಪತ್ರೆಯಿಂದ ಫೋನ್. ಉರ್ವದಲ್ಲಿ ಬಸ್ ಸಿಗಲಿಲ್ಲ, ನಡೆದೇ ಹೋದೆ. ಬಾಗಿಲಲ್ಲೇ ನರ್ಸ್ ಎವ್ಲಿನ್ — "ಮಾಷ್ಟ್ರೇ, ಅವಳಿ ಅಲ್ಲ, ಮೂರು ಉಂಟು! ಎರಡು ಹೆಣ್ಣು, ಒಂದು ಗಂಡು." ತೀರಾ ಸಣ್ಣವು. ನನ್ನವಳು ಶಶಿಗೆ ಇನ್ನೂ ಮಂಪರು. ಎವ್ಲಿನ್ ಕೇಳಿದಳು — "ಟ್ರಿಪ್ಲೆಟ್ಸ್‌ಗೆ ಕನ್ನಡದಲ್ಲಿ ಎಂತ ಹೇಳುವುದು? ಪಂಡಿತರಲ್ವಾ ನೀವು?"
ತ್ರಿವಳಿ ಎಂದೆ. ಹೇಳುವಾಗ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಕಾದದ್ದು...

೭ ಫೆಬ್ರವರಿ
ಎಲ್ಲರ ಬಾಯಲ್ಲೂ ಅದೇ ಪದ. ಶಶಿಯ ಅಣ್ಣ ಚಿತ್ತರಂಜನ ಜೆಪ್ಪುವಿನಿಂದ ಬಂದ. "ತ್ರಿವಳಿಯ ಅಪ್ಪ!" ಎಂದು ಬೆನ್ನು ತಟ್ಟಿದ. ಇನ್‌ಕ್ಯುಬೇಟರ್ ಇಲ್ಲ. ಹತ್ತಿ ಸುತ್ತಿ, ಬದಿಯಲ್ಲಿ ಬಿಸಿನೀರಿನ ಬಾಟ್ಲಿ. ಇಂಕ್ ತುಂಬುವಂಥ ಫಿಲ್ಲರಿನಿಂದ ಹನಿ ಹನಿ ಹಾಲು. ಗಂಡು ಕುಡಿಯುತ್ತಿಲ್ಲ.

೧೦ ಫೆಬ್ರವರಿ
ಗಂಡು ಹೋಯಿತು. ಮಣ್ಣು ಮಾಡಿ ಬಂದೆವು. "ಇನ್ನು ಅವಳಿ ಅಂತ ಹೇಳಿಬಿಡಿ ಭಾವ. ಕೇಳಿದವರಿಗೆಲ್ಲ ಎಂತ ವಿವರಿಸುವುದು?" ಎಂದ ಚಿತ್ತರಂಜನ.
ಶಶಿಗೆ ಕೇಳಿಸಿತು. "ಮೂರು ಹೆತ್ತದ್ದು ನಾನು, ಅಣ್ಣ."
ಅವನು ಹೊರಗೆ ಹೋಗಿ ನಿಂತ.

೧೩ ಫೆಬ್ರವರಿ
ದೊಡ್ಡ ಹೆಣ್ಣೂ. ಎವ್ಲಿನ್ ಮಗುವಿನ ಹಣೆಯ ಮೇಲೆ ಶಿಲುಬೆ ಬರೆದಳು. ಬೇಡ ಎನ್ನಲಿಲ್ಲ. ಒಂದೇ ಉಳಿದರೆ ಯಾವ ಪದ? ಬರೀ ಮಗು.

೨೦ ಫೆಬ್ರವರಿ
ಶಾಲೆಗೆ ಹೋದೆ. ಹಳಗನ್ನಡ ಪದ್ಯದಲ್ಲಿ ಅದೇ ಪದ ಬಂತು. ಹುಡುಗಿಯೊಬ್ಬಳು ಎದ್ದಳು. "ಸರ್, ಒಟ್ಟಿಗೆ ಹುಟ್ಟಿದ ಮೂರು ಮಕ್ಕಳಲ್ವಾ?"
"ಇಲ್ಲಿ ಹಾಗಲ್ಲ. ವಳಿ ಅಂದರೆ ಮಡಿಕೆ. ಹೆಣ್ಣಿನ ಹೊಟ್ಟೆಯ ಮೇಲಿನ ಮೂರು ಮಡಿಕೆ."
ಹುಡುಗರು ಕಿಸಕ್ಕೆಂದರು. ಮುಂದೆ ಓದಲಾಗಲಿಲ್ಲ.

೨೧ ಫೆಬ್ರವರಿ
ಶಶಿಗೆ ಹೇಳಿದೆ — ಹೇಳಬಾರದಿತ್ತು. ಸೀರೆಯ ಮೇಲಿಂದಲೇ ಹೊಟ್ಟೆ ಮುಟ್ಟಿಕೊಂಡಳು. "ಹಾಗಾದರೆ ಆ ತ್ರಿವಳಿ ಉಂಟು ನನ್ನಲ್ಲಿ. ಅದು ಎಲ್ಲಿಗೂ ಹೋಗುವುದಿಲ್ಲ." ಅಳಲಿಲ್ಲ. ನಾನು ಅತ್ತೆ.

೨೪ ಫೆಬ್ರವರಿ, ಮಧ್ಯಾಹ್ನ
ಸಣ್ಣವಳು ಹಾಲು ಕಕ್ಕುತ್ತಾಳೆ. ಉಸಿರು ನಿಂತು ನಿಂತು ಬರುತ್ತಿದೆ. ಎವ್ಲಿನ್ ಹತ್ತಿ ಬದಲಿಸುತ್ತಲೇ ಇದ್ದಾಳೆ.
"ಹೆಸರಿಡಿ," ಎಂದಳು ಶಶಿ. "ಹೆಸರಿಲ್ಲದೆ ಕಳಿಸುವುದು ಬೇಡ."
ಆಶಾಲತಾ ಎಂದೆ.
"ಆಶೆ ಬೇಡ."
ಹೇಮಾಕ್ಷಿ ಎಂದೆ. ಆಗಲಿ ಎಂದು ತಲೆಯಾಡಿಸಿದಳು. "ಹೋದ ಆ ಇಬ್ಬರಿಗೂ ಇಡಿ."
ದೊಡ್ಡವಳಿಗೆ — ಎವ್ಲಿನ್ ಕೂಗುತ್ತಿದ್ದಾಳೆ, ಸಣ್ಣವಳ ಉಸಿರು