ಆರು ಪಾಲು ಬೆಳಕು

ಅತ್ತಿಗೆಗೆ,

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಿದ್ದೇನೆ, ನಗಬೇಡಿ. ನಿಮ್ಮ ಮುಖ ನೋಡಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಎಲ್‌ಇಡಿ ಚಿಪ್‌ನೊಳಗೆ ಹುಟ್ಟಿದ ಬೆಳಕೆಲ್ಲ ಹೊರಗೆ ಬರುವುದಿಲ್ಲ, ಮೈ ನುಣುಪಾಗಿದ್ದರೆ ಒಳಗೇ ಸುತ್ತಿ ಸುತ್ತಿ ಬರೀ ಬಿಸಿಯಾಗುತ್ತದೆ ಎಂದು ನನಗೆ ಕಲಿಸಿದವರು ನೀವು. ಆ ಮೈಯನ್ನು ಹದವಾಗಿ ಒರಟು ಮಾಡುವುದರಲ್ಲಿ ಕಾರ್ಖಾನೆಯಲ್ಲಿ ನಿಮ್ಮನ್ನು ಮೀರಿಸಿದವರಿಲ್ಲ. ಆದರೂ ಹೋದ ತಿಂಗಳು ನಿಮ್ಮ ಚಿಪ್‌ಗಳಿಂದ ನೂರಕ್ಕೆ ಆರು ಪಾಲು ಬೆಳಕು ಕಡಿಮೆ ಬರುತ್ತಿದೆ ಎಂದು ಅಳೆದು ಬರೆದುಕೊಟ್ಟವಳು ನಾನು. "ನಿಮ್ಮ ಕೈ ಹದ ತಪ್ಪಿದೆ" ಎಂದು ಮ್ಯಾನೇಜರ್ ನಿಮ್ಮನ್ನು ಪ್ಯಾಕಿಂಗಿಗೆ ಹಾಕಿದರು. ಅಂದು ಮನೆಗೆ ಬಂದು ನೀವೇ ನನಗೆ ಸಮಾಧಾನ ಹೇಳಿದಿರಿ: "ಬಿಡೇ, ಕಂಡಿದ್ದನ್ನ ಬರ್ದಿದೀಯ, ನಿಂದೇನು ತಪ್ಪು?"

ತಪ್ಪು ನನ್ನದೇ. ಬೆಳಕು ಅಳೆಯುವ ಬಿಳಿ ಗೋಳದೊಳಗೆ ಚಿಪ್ ಕೂರಿಸುವಾಗ ನಾನು ಗ್ಲೌಸ್ ಹಾಕಿರಲಿಲ್ಲ. ಕೈ ಜಾರಿ, ಬೆಳಕನ್ನೆಲ್ಲ ಪ್ರತಿಫಲಿಸಬೇಕಾದ ಅದರ ಒಳಗೋಡೆಗೆ ಒತ್ತಿಕೊಂಡಿತು. ನಿಮ್ಮ ಚಿಪ್‌ಗಳಿಂದ ಬೆಳಕು ಎಂದಿನಷ್ಟೇ ಹೊರಗೆ ಬಂದಿತ್ತು. ಅದನ್ನು ನುಂಗಿದ್ದು ನನ್ನ ಅಂಗೈ ಜಿಡ್ಡು. ಮ್ಯಾನೇಜರ್ ನಿಮ್ಮನ್ನು ಬೈಯುವಾಗಲೇ ನನಗೆ ಅನುಮಾನ ಬಂದಿತ್ತು. ಸುಮ್ಮನೆ ನಿಂತಿದ್ದೆ. ಈಗ ನಿಮ್ಮ ಜಾಗಕ್ಕೆ ಬಂದವರ ಚಿಪ್‌ಗಳೂ ಸರಿಯಾಗಿ ಆರೇ ಪಾಲು ಕಡಿಮೆ ತೋರಿಸುತ್ತಿವೆ.

ಗೋಡೆಯ ಮೇಲಿನ ಆ ಅಂಗೈ ಗುರುತನ್ನು ಒರೆಸಿಲ್ಲ. ನಾಳೆ ಹತ್ತು ಗಂಟೆಗೆ ಮ್ಯಾನೇಜರ್ ಎದುರು ಗೋಳ ತೆರೆದು, ಆ ಗುರುತಿನ ಪಕ್ಕ ನನ್ನ ಅಂಗೈ ಹಿಡಿದು ತೋರಿಸುತ್ತೇನೆ. ನೀವೂ ಬನ್ನಿ. ಒಂದೇ ಬೇಡಿಕೆ: ಅಲ್ಲಿ ನನ್ನ ಪರ ಮಾತಾಡಬೇಡಿ.

ನಿಮ್ಮ ನಾದಿನಿ