ಗೋಡೆಯಾಚೆಗೆ ಹೋದ ಪುಟ

ನವೆಂಬರ್ ಮಾಸದ ಮೂರನೆಯ ದಿನ, ಸೋಮವಾರ. ಪೂರ್ವಾಹ್ಣ.

ಶ್ರೀ. ಅಕ್ಷರದಲ್ಲಿ ಅರ್ಥವಾಗಿಯೂ ಕಣ್ಣಿನಲ್ಲಿ ಬೆಳಕಾಗಿಯೂ ನೆಲೆಸಿರುವ ಸರ್ವಾಂತರ್ಯಾಮಿಗೆ ತಲೆಬಾಗಿ ಈ ದಿನದ ವೃತ್ತಾಂತವನ್ನು ಬರೆಯತೊಡಗುತ್ತೇನೆ.

ಸ್ನಾನ, ಧ್ಯಾನ ಮುಗಿದವು. ಮಗ ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದ. ಅಂಗಿತೋಳಿನ ಮಡಿಕೆಯಲ್ಲಿ ಇನ್ನೂ ಮೈದಾ. ತಿಂದ, ಮಲಗಿದ. ಇನ್ನು ಮಧ್ಯಾಹ್ನದವರೆಗೆ ಮನೆಯಲ್ಲಿ ಪಾತ್ರೆಯೂ ಸದ್ದು ಮಾಡಕೂಡದು.

ಸೊಸೆ ಸಿಟಿ ಬಸ್ಸು ಓಡಿಸುವವಳು. ಇಂದು ಅವಳಿಗೆ ಎರಡನೆಯ ಪಾಳಿ. ಬಿಡುವಿತ್ತು. ನಾನು ಟ್ಯಾಬನ್ನು ಮೂಗಿಗೆ ತಾಗಿಸಿಕೊಂಡು ಅಮ್ಮನ ಗ್ರಂಥ ಓದುತ್ತಿದ್ದುದನ್ನು ಕಂಡಳು.

"ಅತ್ತೆ, ಅಷ್ಟು ದೊಡ್ಡ ಟೀವಿ ಗೋಡೆ ಮೇಲೆ ಇಟ್ಕೊಂಡು ಹೀಗೆ ಕಣ್ಣು ಯಾಕೆ ಕೆಡಿಸ್ಕೊಳ್ತೀರಾ? ಟ್ಯಾಬಲ್ಲಿ ಏನಿದೆಯೋ ಅದೇ ಟೀವೀಲಿ ಬರೋ ಹಾಗೆ ಮಾಡಬಹುದು. ವೈರೂ ಬೇಡ, ಏನೂ ಬೇಡ."

ತೋರಿಸಿದಳು. ಮೇಲಿನಿಂದ ಬೆರಳು ಕೆಳಗೆಳೆಯುವುದು. 'ಸ್ಕ್ರೀನ್ ಮಿರರಿಂಗ್' ಒತ್ತುವುದು. ಟೀವಿಯ ಹೆಸರು ಬಂದಾಗ ಅದನ್ನೊತ್ತುವುದು. ಎರಡು ಸಲ ಹೇಳಿದಳು. ತಲೆಯಾಡಿಸಿದೆ. ಟ್ಯಾಬಿಗೆ 'ಅತ್ತೆ' ಎಂದೇ ಹೆಸರಿಟ್ಟಿದ್ದಾಳಂತೆ. ನಾಮಕರಣವೂ ಆಯಿತು ಈ ವಯಸ್ಸಿನಲ್ಲಿ.

ಗ್ರಂಥದ ಹಾಳೆಗಳು ಮುಟ್ಟಿದರೆ ಪುಡಿಯಾಗತೊಡಗಿದಾಗ ಪುಟಪುಟವನ್ನೂ ಫೋಟೋ ಹಿಡಿದು ಇದರೊಳಗೆ ಸೇರಿಸಿದವಳೂ ಇವಳೇ. ಮೂಲಪ್ರತಿ ಅಕ್ಕನ ಮನೆಯಲ್ಲಿದೆ. ಅಕ್ಕನ ಮನೆ ಎಂದರೆ ನಮ್ಮ ನಡುಮನೆಯ ಗೋಡೆಯ ಆಚೆ ಬದಿ.

ಅಮ್ಮ ಕಣ್ಣುಮುಚ್ಚುವ ಮುನ್ನ ನಮ್ಮಿಬ್ಬರ ಕೈಯನ್ನೂ ಗ್ರಂಥದ ಮೇಲಿರಿಸಿ, ಜೊತೆಯಲ್ಲಿ ಓದಿ ಮುಗಿಸಿ ಎಂದಿದ್ದಳು. ನಾನು ಓದುವುದು, ಅಕ್ಕ ಅರ್ಥ ಹೇಳುವುದು. ದಿನವೂ ಹತ್ತು ಗಂಟೆಗೆ. ಕಳೆದ ಬೇಸಗೆಯಲ್ಲಿ, ಅರಸನು ಕಾಡಿನಲ್ಲಿ ದಾರಿ ತಪ್ಪುವ ಸರ್ಗದ ನಡುವೆ, ಅಕ್ಕ ಗ್ರಂಥವನ್ನು ಪಟ್ಟನೆ ಮುಚ್ಚಿದಳು. "ಸಾಕಾಯ್ತು ಕಣೇ ಇದು. ಇನ್ನು ಬರಬೇಡ" ಎಂದಳು. ಕಾರಣ ಕೇಳಿದೆ. ಒಳಗೆ ಎದ್ದುಹೋದಳು.

ಅಂದಿನಿಂದ ನಮ್ಮ ನಡುವೆ ಮಾತಿಲ್ಲ. ಮೆಟ್ಟಿಲಿನಲ್ಲಿ ಎದುರಾದರೆ ಅವಳು ಕಂಬಿ ಹಿಡಿದು ಗೋಡೆಯ ಕಡೆ ಮುಖ ಮಾಡುತ್ತಾಳೆ.

ನಾನೊಬ್ಬಳೇ ಮುಗಿಸಿದರೆ ಅಮ್ಮನ ಮಾತು ನಡೆಸಿದಂತಾಗುವುದೇ… ತಿಳಿಯದು. ಇನ್ನು ಉಳಿದಿರುವ ಪುಟಗಳೂ ಕೆಲವೇ.

ನವೆಂಬರ್ ೪, ಮಂಗಳವಾರ. ಮಧ್ಯಾಹ್ನ.

ಸೊಸೆ ಹೊರಟ ಮೇಲೆ ನಾನೇ ಪ್ರಯತ್ನಿಸಿದೆ. ಟೀವಿ ಹಚ್ಚಿದೆ. ಬೆರಳು ಎಳೆದೆ. ಒತ್ತಿದೆ. ಒಂದೇ ಹೆಸರು ಎರಡು ಸಲ ಬಂದಿತ್ತು. ಯಂತ್ರಕ್ಕೂ ಪುನರುಕ್ತಿದೋಷವುಂಟು ಎಂದುಕೊಂಡು ಮೇಲಿನದನ್ನು ಆರಿಸಿದೆ.

'ಅನುಮತಿಗಾಗಿ ಕಾಯಲಾಗುತ್ತಿದೆ' ಎಂದು ಬಂತು. ಬಹಳ ಹೊತ್ತು ಹಾಗೆಯೇ ಇತ್ತು. ಯಾರ ಅನುಮತಿ? ನನ್ನ ಮನೆಯ ಟೀವಿಗೆ ನಾನಲ್ಲದೆ ಇನ್ನಾರು? ಬಿಟ್ಟುಬಿಡೋಣ ಎನ್ನುವಾಗ 'ಕನೆಕ್ಟೆಡ್' ಎಂದಿತು.

ಟೀವಿ ಮಾತ್ರ ನೀಲಿ ಬಣ್ಣ ಹೊದ್ದು ಸುಮ್ಮನಿತ್ತು. ಅಕ್ಷರವಿಲ್ಲ, ಪುಟವಿಲ್ಲ.

ಸೊಸೆಯನ್ನು ಪುನಃ ಕೇಳಲು ನಾಚಿಕೆ. ಆ ಮಗು ದಣಿದು ಬರುತ್ತದೆ. ಟ್ಯಾಬಿನಲ್ಲಿಯೇ ಅಕ್ಷರವನ್ನು ದೊಡ್ಡದು ಮಾಡಿಕೊಂಡು, ಮಗನ ನಿದ್ದೆ ಕೆಡದಂತೆ ಮೆಲ್ಲನೆ ಓದಿದೆ. ಬೇಸಗೆಯಲ್ಲಿ ನಿಲ್ಲಿಸಿದ ಪದ್ಯದಿಂದಲೇ ಆರಂಭಿಸಿದೆ.

ನವೆಂಬರ್ ೬, ಗುರುವಾರ.

ಇಂದೂ 'ಕನೆಕ್ಟೆಡ್' ಎಂದಿತು. ಇಂದೂ ಏನೂ ಕಾಣಲಿಲ್ಲ. ಎಂದಾದರೂ ಬೆಳಗೀತು ಎಂದು ದಿನವೂ ಒತ್ತುವುದನ್ನು ಬಿಟ್ಟಿಲ್ಲ. ಕಾಣದ ಸಂಬಂಧವನ್ನು ನಂಬುವುದು ನನಗೆ ಹೊಸತಲ್ಲ.

ಆದರೆ ಬರೆಯಬೇಕಾದದ್ದು ಬೇರೆ. ಅರಸನ ಕುದುರೆ ಬಾಯಾರಿ ಬಿದ್ದು ಪ್ರಾಣ ಬಿಡುವ ಪದ್ಯ. ಅರಸನು ಅದರ ಕೊರಳಪ್ಪಿ ಅಳುತ್ತಾನೆ. ಓದಿ ನಿಲ್ಲಿಸಿದೆ. ಗೋಡೆಯ ಆಚೆಯಿಂದ ಅಕ್ಕನ ದನಿ…

"ನೋಡ್ರಿ, ಪಟ್ಟಣ ಬಿಡುವಾಗ ಹೆಂಡತಿ ಕಣ್ಣೀರು ಹಾಕಿದ್ರೆ ತಿರುಗಿ ನೋಡದೋನು, ಈಗ ಕುದುರೆ ಹೋದದ್ದಕ್ಕೆ ಗೋಳೋ ಅಂತಾನೆ. ಕವಿಗೆ ಗಂಡಸರ ಸ್ವಭಾವ ಚೆನ್ನಾಗಿ ಗೊತ್ತು."

"ಅರಸನ ಸುದ್ದಿ ಹೇಳ್ತಾ ನನ್ನ ಕಡೆ ಯಾಕೆ ನೋಡ್ತೀಯೇ?" ಇದು ಭಾವನವರು. ಬಟ್ಟೆ ಹೊಲಿದು ಬಾಳಿದವರು. ಕುದುರೆಯ ಗೊಡವೆಗೆ ಹೋದವರಲ್ಲ.

ನಗು ಬಂತು. ಮರುಕ್ಷಣವೇ ಹೊಳೆಯಿತು. ಅಕ್ಕ ಗ್ರಂಥ ಓದುತ್ತಿದ್ದಾಳೆ. ಅದೇ ಸರ್ಗ. ನನ್ನನ್ನು ಬಿಟ್ಟು, ಭಾವನವರನ್ನು ಕೂರಿಸಿಕೊಂಡು. ಸಾಕಾದದ್ದು ಗ್ರಂಥವಲ್ಲ ಹಾಗಾದರೆ.

ನಾನು.

ನವೆಂಬರ್ ೧೦, ಸೋಮವಾರ.

ಮೂರು ದಿನ ಬರೆಯಲಿಲ್ಲ. ಓದುವುದನ್ನು ಮಾತ್ರ ಬಿಡಲಿಲ್ಲ. ಗೋಡೆಯ ಬಳಿ ಕುರ್ಚಿ ಸರಿಸಿಕೊಂಡಿದ್ದೇನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ವಿಚಿತ್ರ. ನಾನು ಪದ್ಯ ಮುಗಿಸಿದರೆ ಅವಳು ಅರ್ಥ ಹೇಳುತ್ತಾಳೆ. ಪುಟ ತಿರುವಿದರೆ ಅವಳ ದನಿಯೂ ತಿರುವುತ್ತದೆ. ಇಂದು ಪರೀಕ್ಷಿಸಲೆಂದೇ ಹಿಂದಿನ ಪುಟಕ್ಕೆ ಹೋದೆ.

"ಇದು ನಿನ್ನೇನೇ ಆಯ್ತಲ್ಲ. ಮುಂದೆ ಹೋಗಬಾರದಾ," ಎಂದಳು ಅಕ್ಕ ಗೋಡೆಯಾಚೆ.

ಯಾರಿಗೆ ಹೇಳಿದಳು? ಮುಂದಿನ ಪುಟ ತೆಗೆದೆ. "ಹ್ಞಾಂ" ಎಂದಳು.

ದೈವಲೀಲೆ ಎಂದು ಬರೆಯಲು ಕೈ ಹೋಯಿತು. ತಡೆದೆ. ಸರಿಯಾಗಿ ತಿಳಿಯದೆ ಅವನ ಹೆಸರಿಗೆ ಯಾವುದನ್ನೂ ಹಚ್ಚಬಾರದು.

ನವೆಂಬರ್ ೧೫, ಶನಿವಾರ. ರಾತ್ರಿಯ ಊಟಕ್ಕೆ ಮುನ್ನ.

ಸೊಸೆಗೆ ರಜೆ. ನಾನು ಟ್ಯಾಬು ಹಿಡಿದು, ಎದುರಿಗೆ ನೀಲಿ ಟೀವಿ ಹಚ್ಚಿಕೊಂಡು ಕುಳಿತದ್ದನ್ನು ಕಂಡು ಬಳಿಗೆ ಬಂದಳು. ನೋಡಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಅತ್ತೆ, ಬೋರ್ಡ್ ಓದದೆ ಬಸ್ ಹತ್ತಿದೀರಿ."

"ಎರಡೂ ಒಂದೇ ಹೆಸರಲ್ಲವೇನಮ್ಮ?"

"ಒಂದೇ ನಂಬರಿನ ಬಸ್ಸೇ. ಒಂದು ಡಿಪೋಗೆ ಹೋಗೋದು, ಇನ್ನೊಂದು ಡಿಪೋದಿಂದ ಬರೋದು. ಕೊನೇಲಿ ಅಂಕಿ ಇದೆ ನೋಡಿ, ಬೇರೆ ಬೇರೆ. ಕೆಳಗಿರೋದು ನಮ್ಮ ಟೀವಿ. ಇಷ್ಟು ದಿನ ಯಾರದೋ ಮನೆ ಹಾಲಲ್ಲಿ ನಿಮ್ಮ ಪಾರಾಯಣ ನಡೆದಿದೆ. ಪಾಪ, ಸೀರಿಯಲ್ ನೋಡ್ತಾ ಕೂತಿದ್ದೋರ ಗತಿ ಏನೋ."

ನಗುತ್ತಲೇ ಇದ್ದವಳು ಮೆಲ್ಲನೆ ನಿಲ್ಲಿಸಿದಳು.

"ಆದ್ರೆ ಅದು ತಾನಾಗೇ ಹೋಗಲ್ಲ ಅತ್ತೆ. ಈ ಟೀವಿ ಪ್ರತಿ ಸಲವೂ ಕೇಳುತ್ತೆ. ಆ ಕಡೆ ಯಾರಾದ್ರೂ ರಿಮೋಟ್ ಹಿಡಿದು 'ಅಲೌ' ಅಂತ ಒತ್ತಲೇಬೇಕು. ದಿನಾ ಒತ್ತಿದಾರೆ ಯಾರೋ."

ಇಬ್ಬರೂ ಗೋಡೆಯನ್ನು ನೋಡಿದೆವು.

"ನಮ್ಮದು, ದೊಡ್ಡತ್ತೆದು, ಎರಡು ಟೀವೀನೂ ಒಂದೇ ಅಂಗಡೀಲಿ ಒಂದೇ ದಿನ ತಗೊಂಡಿದ್ದಲ್ವಾ…"

ಹೌದು ಎಂದೆ. ಅವಳು ಕೆಳಗಿನ ಹೆಸರನ್ನು ಒತ್ತಿ, ನಮ್ಮ ರಿಮೋಟಿನಲ್ಲಿ ಅನುಮತಿ ಕೊಟ್ಟಳು. ಅಮ್ಮನ ಗ್ರಂಥ ಗೋಡೆಯಗಲ ಬೆಳಗಿತು. ಒಂದೊಂದು ಅಕ್ಷರವೂ ನನ್ನ ಅಂಗೈಯಷ್ಟು.

ಸಂತೋಷಪಡಬೇಕಿತ್ತು. ಆಗಲಿಲ್ಲ. ಅಕ್ಕ ಪುಟಕ್ಕೆ ದಿನವೂ ಬಾಗಿಲು ತೆರೆದಳು. ನನಗೆ ಒಂದು ದಿನವೂ ಇಲ್ಲ.

ನವೆಂಬರ್ ೧೬, ಭಾನುವಾರ.

ಕೆಳಗಿನ ಹೆಸರನ್ನೇ ಒತ್ತಿದೆ. ಬೇಕೆಂದೇ. ದೊಡ್ಡ ಅಕ್ಷರಗಳಲ್ಲಿ ಸುಖವಾಗಿ ಓದಿದೆ ಎಂದು ಬರೆದರೆ ಸುಳ್ಳಾದೀತು. ಗೋಡೆ ಮೌನವಾಗಿತ್ತು. ಅರಸನು ನದಿಯ ದಡಕ್ಕೆ ಬಂದ. ಅಂಬಿಗನನ್ನು ಕರೆದ. ಅರ್ಥ ಹೇಳುವವರಿಲ್ಲ.

ಒಂದು ಪದ್ಯಕ್ಕೇ ನಿಲ್ಲಿಸಿದೆ.

ನವೆಂಬರ್ ೧೭, ಸೋಮವಾರ. ಸಂಜೆ.

ಭಾವನವರು ಬಂದರು. ಕೈಯಲ್ಲಿ ಖಾಲಿ ಬಟ್ಟಲು.

"ಒಂದು ಬಟ್ಟಲು ಸಕ್ಕರೆ ಇದ್ರೆ ಕೊಡಮ್ಮ."

ಭಾವನವರಿಗೆ ಸಕ್ಕರೆ ಕಾಯಿಲೆ. ಆ ಮನೆಯೊಳಗೆ ಸಕ್ಕರೆ ಕಾಲಿಟ್ಟು ವರ್ಷಗಳಾದವು. ಕುರ್ಚಿ ತೋರಿಸಿದೆ. ಕುಳಿತರು. ಬಟ್ಟಲನ್ನು ಅತ್ತಿಂದಿತ್ತ ತಿರುಗಿಸಿದರು.

"ಎರಡು ದಿನದಿಂದ ಪುಟ ಬರ್ತಾ ಇಲ್ಲ."

"ಯಾವ ಪುಟ?"

"ಇಬ್ಬರೂ ಒಂದೇ ಅಚ್ಚು ನೀವು. ನಿನ್ನೆ ಹತ್ತು ಗಂಟೆಗೆ ಟೀವಿ ಮುಂದೆ ಕೂತೋಳು ಊಟಕ್ಕೂ ಏಳಲಿಲ್ಲ. ಇವತ್ತೂ ಅಷ್ಟೆ. ರಿಮೋಟ್ ಮಡಿಲಲ್ಲೇ."

"ಬೇಕಾಗಿದ್ದರೆ ಗ್ರಂಥ ಅವಳ ಬಳಿಯೇ ಇದೆಯಲ್ಲ, ಭಾವ."

ಬಟ್ಟಲು ತಿರುಗುವುದು ನಿಂತಿತು.

"ಅದರಲ್ಲಿ ಅಕ್ಷರ ಕಾಣಲ್ಲಮ್ಮ ಅವಳಿಗೆ."

ಆಮೇಲೆ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿಡುತ್ತೇನೆ.

"ಬೇಸಗೇಲೇ ಶುರುವಾಯ್ತು. ಎದುರಿಗಿರೋದರ ನಡುಭಾಗವೇ ಮಸುಕು. ನನ್ನ ಮುಖ ನೋಡಿದ್ರೆ ಕಿವಿ ಎರಡೂ ಕಾಣುತ್ತಂತೆ, ಮೂಗು ಕಾಣಲ್ಲವಂತೆ. ಒಳ್ಳೇದೇ ಆಯ್ತು ಬಿಡು ಅಂದೆ, ನಗಲಿಲ್ಲ. ಡಾಕ್ಟ್ರು ಸೂಜಿಮದ್ದು ಕೊಡ್ತಿದಾರೆ. ದೃಷ್ಟಿ ಇನ್ನೂ ಕಡಿಮೆ ಆಗಬಹುದು, ಹೀಗೇ ನಿಲ್ಲಲೂಬಹುದು ಅಂತಾರೆ. ನೀನು ಓದ್ತಾ ಇದ್ರೆ ಪುಟ ಹಿಡಿದು ಸುಮ್ಮನೆ ನಟಿಸ್ತಿದ್ದಳು. ಅರ್ಥ ಹೇಳೋಳಿಗೆ ಪದವೇ ಕಾಣಲಿಲ್ಲ ಅಂದ್ರೆ ತಂಗಿ ಮುಂದೆ ಹೇಗೆ ಕೂರಲಿ ಅಂದಳು. ಯಾರಿಗೂ ಹೇಳಕೂಡದು ಅಂತ ನನ್ನಿಂದ ಆಣೆ ತಗೊಂಡಳು."

ಮೆಟ್ಟಿಲಿನಲ್ಲಿ ಕಂಬಿ ಹಿಡಿದು ಗೋಡೆಯ ಕಡೆ ತಿರುಗುವುದು. ಅದು ಮುನಿಸಲ್ಲ. ಕಣ್ಣಂಚಿನಲ್ಲಿ ನನ್ನನ್ನು ನೋಡಲು ಅವಳಿಗಿದ್ದ ದಾರಿ ಅದೊಂದೇ.

ಭಾವನವರು ಮುಂದುವರಿಸಿದರು.

"ಆವತ್ತು ಟೀವೀಲಿ ಏನೋ ಕೇಳ್ತು. ನಾನೇ ಓದಿ ಹೇಳಿದೆ. 'ಅತ್ತೆ' ಒಳಗೆ ಬರಬಹುದಾ ಅಂತ ಕೇಳ್ತಿದೆ ಕಣೇ, ಯಾರ ಅತ್ತೆಯೋ ಏನೋ, ಬೇಡ ಅಂತ ಒತ್ತಲಾ ಅಂದೆ. ರಿಮೋಟ್ ಕಿತ್ಕೊಂಡಳು. ಆ ಬಸ್ಸಿನ ಹುಡುಗಿ ಇಟ್ಟ ಹೆಸರು ಅದು, ನನ್ನ ತಂಗಿ ಕಣ್ರೀ ಅದು, ಅಂದಳು. ಆವತ್ತಿಂದ ರಿಮೋಟ್ ನನ್ನ ಕೈಗೆ ಸಿಕ್ಕಿಲ್ಲ. ಅಷ್ಟು ದಪ್ಪ ಅಕ್ಷರ ಆದ್ರೆ ಕತ್ತು ವಾರೆ ಮಾಡಿ ಹೇಗೋ ಹಿಡೀತಾಳೆ. ಮೊದಲ ಪದ್ಯ ಓದಿದ ದಿನ ಎರಡು ತುತ್ತು ಜಾಸ್ತಿ ಉಂಡಳು."

ಎದ್ದರು. ಬಾಗಿಲಲ್ಲಿ ನಿಂತರು.

"ನಾನು ಹೇಳಿದೆ ಅಂತ ಹೇಳಬೇಡ. ಸಕ್ಕರೆಗೆ ಬಂದಿದ್ದೆ."

ಸಕ್ಕರೆ ಕೊಡಲಿಲ್ಲ. ಅಕ್ಕನ ಕೈಗೆ ಸಿಕ್ಕಿದರೆ ಅವರಿಗೆ ಉಳಿಗಾಲವಿಲ್ಲ. ಬಟ್ಟಲಿನ ತುಂಬ ಹುರಿದ ಕಡಲೆಬೀಜ ಹಾಕಿ ಕಳಿಸಿದೆ.

ಕಣ್ಣಿಲ್ಲದವಳು ಅವಳೋ, ನಾನೋ. ಪ್ರಭುವೇ…

ಅದೇ ದಿನ, ಸೊಸೆ ಬಂದ ಮೇಲೆ.

ಎಲ್ಲವನ್ನೂ ಹೇಳಿದೆ. ಬೂಟು ಕೂಡ ಬಿಚ್ಚದೆ ಕೇಳಿದಳು. ಆಮೇಲೆ ಟ್ಯಾಬು ತೆಗೆದುಕೊಂಡು, ಕರಿಯ ಪುಟದ ಮೇಲೆ ಬಿಳಿಯ ಅಕ್ಷರ ಬರುವಂತೆ ಮಾಡುವುದನ್ನು ಕಲಿಸಿದಳು. "ರಾತ್ರಿ ಹೊತ್ತು ಬಸ್ಸಿನ ಬೋರ್ಡು ಹೀಗೇ ಇರೋದು ಅತ್ತೆ. ಕಣ್ಣು ಮಂಜಾದೋರಿಗೂ ದೂರದಿಂದ ಕಾಣುತ್ತೆ."

"ಈಗಲೇ ಹೋಗಿ ಬಾಗಿಲು ತಟ್ಟಲೇನಮ್ಮ?"

ಯೋಚಿಸಿದಳು. "ಬಾಗಿಲು ತಟ್ಟಿದ್ರೆ ಯಾರು ಹೇಳಿದ್ದು ಅಂತ ಕೇಳ್ತಾರೆ. ಪುಟ ಕಳಿಸಿ. ಕರೆಯೋದನ್ನ ದೊಡ್ಡತ್ತೆಗೇ ಬಿಡಿ."

ನವೆಂಬರ್ ಮಾಸದ ಹದಿನೆಂಟನೆಯ ದಿನ, ಮಂಗಳವಾರ. ಬೆಳಗ್ಗೆ ಹತ್ತು ಗಂಟೆ.

ಶ್ರೀ.

ಟ್ಯಾಬು ತೊಡೆಯ ಮೇಲಿದೆ. ಕರಿಯ ಪುಟ, ಬಿಳಿಯ ಅಕ್ಷರ. ಒಂದು ಸಾಲಿಗೆ ಎರಡೇ ಪದ ಹಿಡಿಯುವಷ್ಟು ದೊಡ್ಡದು ಮಾಡಿದ್ದೇನೆ. ಅರಸನು ನದಿಯ ದಡದಲ್ಲಿ ನಿಂತಿದ್ದಾನೆ. ಈ ಸರ್ಗದ ನಂತರ ಒಂದೇ ಸರ್ಗ.

ಮೇಲಿನ ಹೆಸರನ್ನು ಒತ್ತಿದೆ.

'ಅನುಮತಿಗಾಗಿ ಕಾಯಲಾಗುತ್ತಿದೆ.'

ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಎರಡು ದಿನ ಬೇಕೆಂದೇ ಕಾಯಿಸಿದ್ದೇನೆ. ಈಗ ಅವಳು ಕಾಯಿಸಿದರೆ ಅನ್ಯಾಯವಲ್ಲ. ಗೋಡೆಯಾಚೆ ಟೀವಿಯ ಸದ್ದಿದೆ. ಯಾರೋ ಹಾಡುತ್ತಿದ್ದಾರೆ. ಭಾವನವರು ಕೆಮ್ಮಿದರು. ಕುರ್ಚಿ ಎಳೆದ ಸದ್ದು—

ಹಾಡು ನಿಂತಿತು.

'ಕನೆಕ್ಟೆಡ್.'

ಓದಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಬರೆಯುವ ಕೈ ಮಾತ್ರ ನಡೆಯುತ್ತಿದೆ. ಆಚೆಯೂ ಮೌನ. ಅವಳು ಓದಿಕೊಳ್ಳುತ್ತಿರಬೇಕು. ಕತ್ತು ವಾರೆ ಮಾಡಿ, ಒಂದೊಂದೇ ಪದವನ್ನು…

"ಪುಟ್ಟೀ."

ಗೋಡೆಯಾಚೆಯಿಂದ. ಎಪ್ಪತ್ತು ದಾಟಿದ ನನ್ನನ್ನು ಹಾಗೆ ಕರೆಯುವವಳು ಭೂಮಿಯ ಮೇಲೆ ಇನ್ನೊಬ್ಬಳಿಲ್ಲ.

"ಅಕ್ಷರ ಕಾಣ್ತಿದೆ ಕಣೇ. ಓದೋಳೆಲ್ಲಿ? ದಿನಾ ದುಂಬಿ ಥರ ಗುಣುಗುಣು ಅಂತಿದ್ದೆ, ಇವತ್ತು ಅದೂ ಇಲ್ಲ."

ಗೋಡೆಗೆ ಅಂಗೈಯಿಟ್ಟೆ. "ಇದ್ದೀನಿ ಅಕ್ಕ."

"ಇದ್ರೆ ಈ ಕಡೆ ಬಾ. ಗೋಡೆಗೆ ಅರ್ಥ ಹೇಳಿ ಹೇಳಿ ಗಂಟಲು ಒಣಗಿತು. ನಿಮ್ಮ ಭಾವನಿಗೆ ಹೇಳೋದೂ ಗೋಡೆಗೆ ಹೇಳೋದೂ ಒಂದೇ."

"ನಾನಿಲ್ಲೇ ಇದೀನಿ ಕಣೇ," ಎಂದರು ಭಾವನವರು.

"ಅದನ್ನೇ ಹೇಳಿದ್ದು. ಪುಟ್ಟೀ, ಆ ಹಲಗೆ ತಗೊಂಡೇ ಬಾ. ಮತ್ತೆ… ನನ್ನ ಕಣ್ಣಿನ ವಿಷಯ ಒಂದಿದೆ. ನಾನೇ ಹೇಳ್ತೀನಿ. ಗೊತ್ತಿಲ್ಲದೋಳ ಹಾಗೆ ಕೇಳಿಸ್ಕೋ. ಸಕ್ಕರೆಗೆ ಹೋದೋರು ಕಡಲೆಬೀಜ ತಂದಾಗಲೇ ನನಗೆ ತಿಳೀತು."

ಒಳಕೋಣೆಯಿಂದ ಮಗನ ದನಿ, ನಿದ್ದೆಗಣ್ಣಿನದು. "ಅಮ್ಮಾ, ದೊಡ್ಡಮ್ಮ ಕರೀತಿದಾರೆ, ಹೋಗಬಾರದಾ. ನನ್ನ ನಿದ್ದೆ ಹೇಗೂ ಹೋಯ್ತು."

ಹೊರಡುತ್ತೇನೆ. ಎರಡು ಸಾಲು ಬರೆದೇ ಹೊರಡುತ್ತೇನೆ.

ಸರ್ವಾಂತರ್ಯಾಮಿಯೇ, ತೋಳಿನಲ್ಲಿ ಹಿಟ್ಟು ಹೊತ್ತು ಬರುವ ಈ ಮಗನಿಗೆ ಹಗಲಿನಲ್ಲೂ ಗಾಢವಾದ ನಿದ್ದೆಯನ್ನು ಕೊಡು. ನಮ್ಮ ಮನೆಯ ಸಾರಥಿಗೆ ಎಲ್ಲ ದಾರಿಗಳೂ ತೆರವಾಗಿರಲಿ. ಅವಳ ಬಸ್ಸು ಹತ್ತಿದವರೆಲ್ಲ ಸುಖವಾಗಿ ಇಳಿಯಲಿ. ಆಣೆ ಮುರಿದ ಭಾವನವರ ತಪ್ಪನ್ನು ಮನ್ನಿಸು, ಅವರ ಬಟ್ಟಲು ಬರಿದಾಗದಿರಲಿ. ಕೇಳದೆ ಒಳಗೆ ಹೋಗದ ಈ ಯಂತ್ರವನ್ನು ಮಾಡಿದವರು ಯಾವ ನಾಡಿನವರೋ, ಅವರ ಮಕ್ಕಳು ನೂರು ಕಾಲ ಬಾಳಲಿ. ಅಕ್ಕನ ಕಣ್ಣಿನಲ್ಲಿ, ಕೊನೆಯ ಪುಟದವರೆಗಾದರೂ, ಅದರಾಚೆಗೂ ನಿನ್ನ ಚಿತ್ತವಿದ್ದರೆ ಅದರಾಚೆಗೂ—

ಮತ್ತೆ ಕರೆಯುತ್ತಿದ್ದಾಳೆ. ಬಂದೆ ಅಕ್ಕ